ಐನೂರು ಪದಗಳ ಆತ್ಮಕಥೆ

ನಮ್ಮ ಹುಡುಗ ಹುಡುಗಿಯರು ಇವತ್ತು ಮೈಮೇಲೆ ಬಿದ್ದು ಬರೆಯುತ್ತಿರುವ, ಆದರೆ ಯಾವ ವಿಮರ್ಶಕನೂ ಓದದ ಒಂದು ಪ್ರಕಾರವಿದೆ. ವಿದ್ಯಾರ್ಥಿವೇತನದ ಅರ್ಜಿಗೆ ಲಗತ್ತಿಸುವ ಪ್ರಬಂಧ. ಹನ್ನೆರಡು ವರ್ಷಗಳಿಂದ ಚೆಂಬೂರಿನಲ್ಲಿ ಕುಳಿತು ನಾನು ಇವನ್ನು ತಿದ್ದಿಕೊಡುತ್ತ ಬಂದಿದ್ದೇನೆ. ಯಾರೂ ನೇಮಿಸಿದ ಕೆಲಸವಲ್ಲ. ಒಬ್ಬ ಹುಡುಗನದ್ದು ನೋಡಿಕೊಟ್ಟೆ, ಅವನು ತನ್ನ ತಂಗಿಯನ್ನು ಕಳಿಸಿದ, ಅವಳು ಗೆಳತಿಯರನ್ನು ಕಳಿಸಿದಳು. ತಿಲಕ್ ನಗರದಿಂದ, ಚೆಂಬೂರು ಕ್ಯಾಂಪಿನಿಂದ, ಹಳಿಯಾಚೆಯ ಗೋವಂಡಿಯಿಂದ ಬರುತ್ತಾರೆ. ಕೆಲವರ ಅಪ್ಪ ಹೋಟೆಲಿನ ಗಲ್ಲೆಯಲ್ಲಿ, ಕೆಲವರ ಅಪ್ಪ ಅದೇ ಹೋಟೆಲಿನ ಒಳಗೆ ಒಲೆಯ ಮುಂದೆ, ಇನ್ನು ಕೆಲವರ ಅಪ್ಪ ಬೆಳಿಗ್ಗೆ ನಾಕಾದಲ್ಲಿ ನಿಂತು ಆ ದಿನದ ಕೂಲಿಗೆ ಕಾಯುವವರು. ಇನ್ನೂರರಷ್ಟು ಪ್ರಬಂಧಗಳನ್ನಾದರೂ ಓದಿರಬೇಕು. ಇಷ್ಟು ಓದಿದ ಮೇಲೆ ಒಂದು ಪ್ರಕಾರದ ಬಗ್ಗೆ ಎರಡು ಮಾತಾಡುವ ಹಕ್ಕು ಬರುತ್ತದೆ ಎಂದುಕೊಂಡಿದ್ದೇನೆ.

ನಮೂನೆಗಳು ಬೇರೆ ಬೇರೆ, ಕೇಳುವುದು ಒಂದೇ. ನಿಮ್ಮ ಸಾಧನೆ ಏನು, ಸಮಾಜಕ್ಕೆ ಏನು ಸೇವೆ ಮಾಡಿದ್ದೀರಿ, ಯಾವ ಸಂಶೋಧನೆಯಲ್ಲಿ ಆಸಕ್ತಿ, ನಾಯಕತ್ವ ತೋರಿದ ಒಂದು ಸಂದರ್ಭ ವಿವರಿಸಿ. ಐನೂರು ಪದ ಮೀರಬಾರದು. ಈ ನಾಲ್ಕು ಅಂಕಣಗಳು ಸೇರಿ ಒಂದು ಕಥಾಹಂದರವನ್ನು ತಾವಾಗಿಯೇ ಕಟ್ಟಿಬಿಡುತ್ತವೆ. ಮೊದಲ ಪ್ಯಾರಾದಲ್ಲಿ ಕಷ್ಟ. ಎರಡನೆಯದರಲ್ಲಿ ಕಣ್ಣು ತೆರೆಸಿದ ಒಂದು ಘಳಿಗೆ. ಮೂರನೆಯದರಲ್ಲಿ ತಂಡ ಕಟ್ಟಿದ್ದು, ಎಲ್ಲರೂ ಹಿಂದೆ ಬಂದದ್ದು. ಕೊನೆಗೆ ದೇಶಕ್ಕೆ ಮರಳಿ ಕೊಡುವ ಕನಸು. ನಮ್ಮ ಯಕ್ಷಗಾನದಲ್ಲಿ ಪಾತ್ರಧಾರಿ ತೆರೆಯ ಹಿಂದಿನಿಂದ ಬಂದು ಒಡ್ಡೋಲಗದಲ್ಲಿ ತನ್ನ ಪ್ರತಾಪವನ್ನು ತಾನೇ ಹೇಳಿಕೊಳ್ಳುತ್ತಾನಲ್ಲ, ಅಂಥದ್ದೇ. ವ್ಯತ್ಯಾಸವೆಂದರೆ ಅಲ್ಲಿ ಎದುರಿಗೆ ಮದ್ದಳೆಯವನೂ ಭಾಗವತನೂ ಇರುತ್ತಾರೆ, ಆಮೇಲೆ ಸೋಲುವುದೂ ಇರುತ್ತದೆ. ಅರ್ಜಿಯಲ್ಲಿ ಯಾರೂ ಸೋಲುವಂತಿಲ್ಲ.

ಈ ಅಂಕಣಗಳು ಎಲ್ಲಿಂದ ಬಂದವು? ಬಹುಪಾಲು ಒಂದು ಉಯಿಲಿನಿಂದ. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ಹಣ ಮಾಡಿ, ಕೇಪ್ ವಸಾಹತಿನ ಪ್ರಧಾನಿಯೂ ಆಗಿದ್ದ ಸೆಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡ. ಆಕ್ಸ್‌ಫರ್ಡಿನಲ್ಲಿ ಓದಲು ಹುಡುಗರಿಗೆ ಹಣ ಬಿಟ್ಟುಹೋದ. ಬರೀ ಪುಸ್ತಕದ ಹುಳುಗಳು ಬೇಡವೆಂದು ಆತ ಬರೆಸಿದ್ದ ಅರ್ಹತೆಗಳು ಇವು: ವಿದ್ಯೆ, ಮೈದಾನದ ಆಟಗಳಲ್ಲಿ ಗಂಡಸುತನದ ಗೆಲುವು, ಸತ್ಯ ಧೈರ್ಯ ಕರ್ತವ್ಯನಿಷ್ಠೆ ಮತ್ತು ದುರ್ಬಲರ ಮೇಲೆ ಕನಿಕರ, ಕೊನೆಗೆ ಓರಗೆಯವರನ್ನು ಮುನ್ನಡೆಸುವ ಹುಟ್ಟುಗುಣ. ಸಾಮ್ರಾಜ್ಯವನ್ನು ನಡೆಸಲು ಎಂಥ ಹುಡುಗರು ಬೇಕು ಎಂಬುದಕ್ಕೆ ಬರೆದ ಪಟ್ಟಿ ಅದು. 1970ರ ದಶಕದ ಕೊನೆಯವರೆಗೆ ಹುಡುಗಿಯರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಆಟದ ಅಂಕಣ ಸವೆದು ಹೋಗಿದೆ, ಕನಿಕರವು ಸೇವೆಯಾಗಿದೆ, ಮುನ್ನಡೆಸುವ ಹುಟ್ಟುಗುಣ ಮಾತ್ರ ಹಾಗೇ ಉಳಿದು ಇವತ್ತು ಗೋವಂಡಿಯ ಒಂದು ಸೈಬರ್ ಅಂಗಡಿಯ ಪರದೆಯ ಮೇಲೆ ಕಾಣುತ್ತದೆ.

ಈ ಉಯಿಲಿನ ಹಣ ಕನ್ನಡಕ್ಕೂ ಬಂದಿದೆ ಎನ್ನುವುದು ನಮಗೆ ಗೊತ್ತಿರುವ ವಿಚಾರವೇ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದು, ಆಮೇಲೆ ನಮ್ಮ ಮುಂಬಯಿಗೆ ಬಂದಿದ್ದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿನ ಯೂನಿಯನ್ನಿನ ಅಧ್ಯಕ್ಷರೂ ಆದರು. ರೋಡ್ಸ್ ಕೇಳಿದ ನಾಯಕತ್ವದ ಅಂಕಣ ಇದಕ್ಕಿಂತ ಚೆನ್ನಾಗಿ ತುಂಬಲಾರದು. ಆದರೆ ಹಡಗು ಹತ್ತುವ ಮೊದಲು ಅವರು ಬರೆದದ್ದು ಬೇರೆಯೇ ಒಂದು ಪ್ರಬಂಧ, ಅದರ ಹೆಸರು ‘ಯಯಾತಿ’. ಆಗ ಅವರಿಗೆ ಇಪ್ಪತ್ತೆರಡು. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಹುಡುಗನ ಕೈಯಿಂದ ಕನ್ನಡದಲ್ಲಿ, ಅದೂ ನಾಟಕವಾಗಿ, ಅದೂ ಪುರಾಣವಾಗಿ ಹೊರಬಂದದ್ದು ತನಗೇ ಅಚ್ಚರಿ ತಂದಿತೆಂದು ಅವರು ಹಲವು ಸಲ ಹೇಳಿದ್ದಾರೆ. ವಿದೇಶಕ್ಕೆ ಹೊರಟ ಹೊತ್ತಿನಲ್ಲಿ ಮನೆಯೊಳಗೆ ಹುಟ್ಟಿದ್ದ ಬಿಗಿಯೇ ಆ ಕತೆಯನ್ನು ಆರಿಸಿತ್ತೆಂದೂ ಹೇಳಿದ್ದಾರೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

‘ಯಯಾತಿ’ಯನ್ನು ಅಸ್ತಿತ್ವವಾದದ ಕನ್ನಡಿಯಲ್ಲಿ ನೋಡಿದ್ದು ಸಾಕಷ್ಟಾಯಿತು. ಅರ್ಜಿಯ ಜೊತೆಗಿಟ್ಟು ಓದಿದರೆ ಬೇರೆ ಏನೋ ಕಾಣುತ್ತದೆ. ಅಪ್ಪನ ಮುಪ್ಪನ್ನು ಮಗ ಪುರು ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಎಲ್ಲರೂ ಕೊಂಡಾಡುವ ತ್ಯಾಗ. ಸೇವೆಯ ಅಂಕಣಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಎಲ್ಲಿದೆ? ಆದರೆ ಮಹಾಭಾರತ ಹೇಳದೇ ಬಿಟ್ಟ ಒಬ್ಬಳನ್ನು ಕಾರ್ನಾಡರು ರಂಗಕ್ಕೆ ತರುತ್ತಾರೆ. ಆಗಷ್ಟೇ ಮದುವೆಯಾಗಿ ಬಂದ ಪುರುವಿನ ಹೆಂಡತಿ ಚಿತ್ರಲೇಖೆ. ಗಂಡನ ಮಹತ್ಸಾಧನೆಯ ಬೆಲೆಯನ್ನು ಕೊಡಬೇಕಾದವಳು ಅವಳು, ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಸಾಯುತ್ತಾಳೆ. ಆಗ ಯಯಾತಿ ತನ್ನ ಮುಪ್ಪನ್ನು ವಾಪಸು ತೆಗೆದುಕೊಳ್ಳುತ್ತಾನೆ. ಒಬ್ಬನ ಹಿರಿಮೆಯ ಲೆಕ್ಕದಲ್ಲಿ ಕಾಣದ ಇನ್ನೊಬ್ಬರ ಖರ್ಚು ಇರುತ್ತದೆ ಎಂಬುದನ್ನು, ಜಗತ್ತಿನ ಅತಿ ದೊಡ್ಡ ವಿದ್ಯಾರ್ಥಿವೇತನವೊಂದನ್ನು ಜೇಬಿನಲ್ಲಿಟ್ಟುಕೊಂಡ ಹುಡುಗ ಬರೆದಿದ್ದಾನೆ. ಇದು ನನಗೆ ಅವರ ಮುಂದಿನ ಎಷ್ಟೋ ಜಾಣ ನಾಟಕಗಳಿಗಿಂತ ಹೆಚ್ಚು ತಟ್ಟುತ್ತದೆ.

ನವ್ಯದವರ ಬೆನ್ನ ಹಿಂದೆ ಇಂಥ ವೇತನಗಳು ಇನ್ನೂ ಇವೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾಕ್ಕೆ ಹೋದರು. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿಯಾಗಿ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಪಿಎಚ್‌ಡಿಯ ನಡುವೆ ‘ಸಂಸ್ಕಾರ’ ಬರೆದರು. ಅವರ ಸಂಶೋಧನೆಯ ವಿಷಯ ಏನಿತ್ತೆಂದು ಇವತ್ತು ನಮ್ಮಲ್ಲಿ ಎಷ್ಟು ಜನ ನೆನಪಿಟ್ಟಿದ್ದಾರೆ? ಹಣ ಕೊಟ್ಟವರು ಕೇಳದೇ ಇದ್ದದ್ದೇ ಕೈಗೆ ಬಂತು.

ಈಗ ಪದದ ವಿಚಾರಕ್ಕೆ ಬರುತ್ತೇನೆ. ಚೆಂಬೂರಿನಂಥ ಕಡೆ ಬದುಕುವವರಿಗೆ ಒಂದು ಅನುಕೂಲವಿದೆ, ಮಹಡಿಗೊಂದು ಭಾಷೆ. ನನ್ನ ಮರಾಠಿ ನೆರೆಯವರು ಶಿಷ್ಯವೃತ್ತಿ ಎನ್ನುತ್ತಾರೆ. ಮೇಲಿನ ತಮಿಳರಿಗೆ ಅದು ಉದವಿತ್ತೊಗೈ, ಅಂದರೆ ನೆರವಿನ ಮೊತ್ತ. ತೆಲುಗರು ಉಪಕಾರ ವೇತನ ಎನ್ನುತ್ತಾರೆ, ವೇತನವೂ ಹೌದು, ಉಪಕಾರವೂ ಹೌದು. ಕನ್ನಡ ಮಾತ್ರ ಉಪಕಾರವನ್ನು ಕೈಬಿಟ್ಟು ವಿದ್ಯಾರ್ಥಿವೇತನ ಎಂದಿತು. ವೇತನವೆಂದರೆ ಸಂಬಳ. ಓದುವುದು ದುಡಿಮೆ, ಅದಕ್ಕೆ ಕೂಲಿ. ಈ ಪದವನ್ನು ಟಂಕಿಸಿದವರು ಇಷ್ಟೆಲ್ಲ ಯೋಚಿಸಿರಲಿಕ್ಕಿಲ್ಲ, ಇರಲಿ. ಸಂಬಳ ತಡವಾದರೆ ಕೇಳಬಹುದು. ಸಂಬಳಕ್ಕೆ ಯಾರೂ ಕೈಮುಗಿದು ಫೋಟೋ ತೆಗೆಸಿಕೊಳ್ಳುವುದಿಲ್ಲ. ಬಹುಮಾನ ತಡವಾದರೆ ಕೇಳಲು ನಾಚಿಕೆಯಾಗುತ್ತದೆ. ನನ್ನ ತಕರಾರು ಇಷ್ಟೇ. ನಾಲ್ಕು ಅಂಕಣಗಳ ಅರ್ಜಿಯು ವೇತನವನ್ನು ಬಹುಮಾನವಾಗಿ ಮಾಡುತ್ತಿದೆ. ಓದುವ ಮೊದಲೇ ಗೆದ್ದಿರಬೇಕು ಎನ್ನುತ್ತದೆ.

ಕನ್ನಡದ ಆತ್ಮಕಥೆಗಳಿಗೆ ಇದು ಹೊಸ ವಿಷಯವಲ್ಲ. ವೇತನಗಳಿಲ್ಲದ ಕಾಲದಲ್ಲಿ ನಮ್ಮಲ್ಲಿ ಇದ್ದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆ ಸಿಕ್ಕಿದವನು ಪುಣ್ಯವಂತ, ಐದೇ ಸಿಕ್ಕಿದವನಿಗೆ ವಾರದಲ್ಲಿ ಎರಡು ದಿನ ಏಕಾದಶಿ. ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ವ್ಯವಸ್ಥೆ ಅದು. ಲಿಂಗಾಯತ ಹುಡುಗರಿಗೆ ಮಠಗಳ ಪ್ರಸಾದ ನಿಲಯಗಳಿದ್ದವು. ಕೇರಿಯವರಿಗೆ ಎರಡೂ ಇರಲಿಲ್ಲ. ಭೈರಪ್ಪನವರ ‘ಭಿತ್ತಿ’ ಈ ವಾರಾನ್ನದ ಜಗತ್ತಿನಿಂದ ಬಂದ ಪುಸ್ತಕ. ಮುಂಬಯಿ ಸೆಂಟ್ರಲ್‌ನಲ್ಲಿ ಕೂಲಿಯಾಗಿ ಮೂಟೆ ಹೊತ್ತದ್ದೂ ಅದರಲ್ಲಿದೆ, ಮುಂದೆ ಮೈಸೂರು ವಿಶ್ವವಿದ್ಯಾಲಯದ ಚಿನ್ನದ ಪದಕವೂ ಇದೆ. ಅವರ ವಿಚಾರಗಳ ಜೊತೆ ನನಗಿರುವ ಜಗಳ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ‘ಭಿತ್ತಿ’ಯ ಸತ್ವ ಅನ್ನ ಹಾಕಿದವರ ಲೆಕ್ಕದಲ್ಲಿದೆ. ಯಾರು ಬಡಿಸಿದರು, ಯಾರು ಬಾಗಿಲು ಹಾಕಿದರು, ಯಾರು ಬಡಿಸುವಾಗ ಮುಖ ಹೇಗೆ ಮಾಡಿದರು ಎಂಬುದನ್ನು ಹಸಿದವನು ಮರೆಯುವುದಿಲ್ಲ. ಇದನ್ನೇ ಐನೂರು ಪದಗಳ ಅರ್ಜಿಗೆ ಇಳಿಸಿ ನೋಡಿ. ಬಡಿಸಿದವರು ಮೊದಲು ಹೋಗುತ್ತಾರೆ. ‘ಆರ್ಥಿಕ ಸಂಕಷ್ಟಗಳ ನಡುವೆಯೂ’ ಎಂಬ ಮೂರು ಪದ ಉಳಿಯುತ್ತದೆ, ಮುಂದಿನ ವಾಕ್ಯದಲ್ಲಿ ಚಿನ್ನದ ಪದಕ.

ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಹಾಸ್ಟೆಲು ಬರುತ್ತದೆ, ಹಸಿವು ಬರುತ್ತದೆ, ಸ್ಮಶಾನದಲ್ಲಿ ಕುಳಿತ ಹುಡುಗ ಬರುತ್ತಾನೆ. ಎಲ್ಲವೂ ನಗುತ್ತ ಬರುತ್ತದೆ. ಆ ನಗುವನ್ನು ಯಾವ ಆಯ್ಕೆ ಸಮಿತಿಯೂ ಸಹಿಸಲಾರದು. ಕಷ್ಟವನ್ನು ಹೇಳಿಕೊಳ್ಳುವವನು ಗಂಭೀರವಾಗಿರಬೇಕು, ಕೊಂಚ ಕಣ್ಣೀರಿದ್ದರೆ ಇನ್ನೂ ಒಳ್ಳೆಯದು ಎನ್ನುವುದು ಅರ್ಜಿಯ ಅಲಿಖಿತ ನಿಯಮ. ಸಿದ್ಧಲಿಂಗಯ್ಯ ಕನಿಕರ ಪಡಲು ಹೊರಟವರ ಕೈಯಿಂದ ಕನಿಕರವನ್ನೇ ಕಸಿದುಕೊಳ್ಳುತ್ತಾರೆ. ಅರವಿಂದ ಮಾಲಗತ್ತಿಯವರಂತೂ ಈ ಜಗಳವನ್ನು ಪುಸ್ತಕದ ಹೆಸರಿಗೇ ಏರಿಸಿದರು. ಸರ್ಕಾರದ ಸವಲತ್ತು ಪಡೆದ ದಲಿತರನ್ನು ಹಂಗಿಸಲು ಬಳಕೆಯಲ್ಲಿದ್ದ ಮಾತನ್ನು ಎತ್ತಿಕೊಂಡು ‘ಗೌರ್ನಮೆಂಟ್ ಬ್ರಾಹ್ಮಣ’ ಎಂದು ಮುಖಪುಟದ ಮೇಲೆ ಅಚ್ಚು ಹಾಕಿದರು. ವಾರಾನ್ನ ಉಂಡವನಿಗೆ ಸಿಗುವ ಹೆಸರು ಕಷ್ಟಜೀವಿ, ಸರ್ಕಾರದ ವೇತನ ಪಡೆದವನಿಗೆ ಸಿಗುವ ಹೆಸರು ಇದು. ಎರಡೂ ಪರರ ಅನ್ನವೇ ಅಲ್ಲವೆ?

ಈ ಊರಿನಲ್ಲಿ ಕುಳಿತು ವಿದ್ಯಾರ್ಥಿವೇತನದ ಮಾತಾಡುವವರು ಪರೇಲಿನ ಚಾಳಿನಲ್ಲಿದ್ದ ಒಬ್ಬ ವಿದ್ಯಾರ್ಥಿಯನ್ನು ದಾಟಿ ಹೋಗಲಾಗದು. ಅಂಬೇಡ್ಕರರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ್ದು ಬರೋಡಾದ ಸಯಾಜಿರಾವ್ ಗಾಯಕವಾಡರು ಕೊಟ್ಟ ತಿಂಗಳಿಗೆ 25 ರೂಪಾಯಿಯಲ್ಲಿ. 1913ರಲ್ಲಿ ಅದೇ ಬರೋಡಾದ ವೇತನದ ಮೇಲೆ ಕೊಲಂಬಿಯಾಕ್ಕೆ ಹೋದರು, ತಿಂಗಳಿಗೆ 11.50 ಪೌಂಡ್, ಮೂರು ವರ್ಷ. ಪ್ರತಿಯಾಗಿ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡುವ ಕರಾರು. ಅಲ್ಲಿ ಸೇವೆಯೆಂದರೆ ಒಪ್ಪಂದ, ಪ್ರಬಂಧವಲ್ಲ. ಆ ಕರಾರಿನ ಪ್ರಕಾರ 1917ರಲ್ಲಿ ಬರೋಡಾಕ್ಕೆ ಹೋದವರಿಗೆ ಊರಿನಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದ್ದನ್ನು ಅವರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ದಾಖಲಿಸಿದ್ದಾರೆ. ಆ ಬರಹವನ್ನು ಇಂದಿನ ಅರ್ಜಿಗಳ ಪಕ್ಕದಲ್ಲಿಡಿ. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ ತನ್ನ ಸಾಧನೆಯನ್ನು ಒಂದು ಸಾಲಿನಲ್ಲಿ ಮುಗಿಸಿ, ರಾತ್ರಿ ಎಲ್ಲಿ ಮಲಗುವುದು ಎಂಬುದನ್ನು ಪುಟಗಟ್ಟಲೆ ಬರೆಯುತ್ತಾನೆ.

ಇದಕ್ಕಿಂತಲೂ ಮುಖ್ಯವಾದದ್ದು ಮುಂದೆ ನಡೆದದ್ದು. 1942ರಿಂದ ವೈಸರಾಯ್ ಮಂಡಳಿಯಲ್ಲಿ ಸದಸ್ಯರಾಗಿದ್ದ ಅದೇ ಅಂಬೇಡ್ಕರರು ಒತ್ತಾಯಿಸಿದ್ದರಿಂದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಸರ್ಕಾರ ಹಣ ತೆಗೆದಿಟ್ಟಿತು. 1944ರಲ್ಲಿ ಶುರುವಾದ ಪೋಸ್ಟ್-ಮೆಟ್ರಿಕ್ ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ. ರಾಜನ ಮೆಚ್ಚುಗೆಯಿಂದ ಓದಿದವನು ತನ್ನ ನಂತರದವರಿಗೆ ಯಾರ ಮೆಚ್ಚುಗೆಯೂ ಬೇಡದ ವ್ಯವಸ್ಥೆಯೊಂದನ್ನು ಮಾಡಿಸಿದ. ಅದರ ಅರ್ಜಿಯಲ್ಲಿ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿಯ ಜೆರಾಕ್ಸು. ನೀನು ನಾಯಕನೇ ಎಂದು ಕೇಳುವುದಿಲ್ಲ. ಸಾಹಿತ್ಯದ ದೃಷ್ಟಿಯಿಂದ ಅತ್ಯಂತ ನೀರಸ ಅರ್ಜಿ, ಅದಕ್ಕೇ ನನಗೆ ಅತ್ಯಂತ ಸಭ್ಯವಾದ ಅರ್ಜಿ ಎನ್ನಿಸುತ್ತದೆ.

ನಮ್ಮ ಪಕ್ಕದ ದೇವನಾರಿನಲ್ಲೇ ಈ ವೇತನದ ಕಾವು ಕಂಡದ್ದುಂಟು. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ನಾಗಪಾಡದಲ್ಲಿ ಸಮಾಜಕಾರ್ಯದ ಶಾಲೆಯಾಗಿ ಹುಟ್ಟಿ 1954ರಲ್ಲಿ ದೇವನಾರಿಗೆ ಬಂತು. ಪೋಸ್ಟ್-ಮೆಟ್ರಿಕ್ ವೇತನಕ್ಕೆ ಅರ್ಹರಾದ ದಲಿತ, ಆದಿವಾಸಿ ವಿದ್ಯಾರ್ಥಿಗಳಿಗಿದ್ದ ಶುಲ್ಕದ ನೆರವನ್ನು ಹಿಂತೆಗೆದುಕೊಂಡದ್ದರ ವಿರುದ್ಧ 2018ರ ಫೆಬ್ರುವರಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಗೇಟಿನ ಮುಂದೆ ಕುಳಿತರು. ತುಳಜಾಪುರ, ಹೈದರಾಬಾದ್, ಗುವಾಹಟಿ ಆವರಣಗಳಿಗೂ ಮುಷ್ಕರ ಹಬ್ಬಿತು. ಹಾಸ್ಟೆಲಿನ ಬಾಡಿಗೆ, ಊಟದ ಬಿಲ್ಲು, ಇವೇ ಜಗಳದ ವಸ್ತು. ಇದನ್ನು ಕೇಳಿದವರಲ್ಲಿ ಕೆಲವರು, ನಮ್ಮ ಕನ್ನಡದವರೂ ಸೇರಿ, ಸಮಾಜಸೇವೆ ಓದಲು ಬಂದವರು ಊಟದ ಬಿಲ್ಲಿಗೆ ಜಗಳವೇ ಎಂದು ನಕ್ಕದ್ದನ್ನು ಕೇಳಿದ್ದೇನೆ. ಆ ನಗು ಬಹುಮಾನದ ಭಾಷೆಯದು. ವೇತನದ ಭಾಷೆಯಲ್ಲಿ ಊಟದ ಬಿಲ್ಲೇ ಮುಖ್ಯ ವಿಷಯ.

ಇನ್ನು ಸೇವೆಯ ಅಂಕಣ. ನನ್ನನ್ನು ಅತ್ಯಂತ ಕಸಿವಿಸಿಗೊಳಿಸುವುದು ಇದೇ. ಚೆಂಬೂರು ನಿಲ್ದಾಣದಿಂದ ಗೋವಂಡಿ ಹಾರ್ಬರ್ ಲೈನಿನಲ್ಲಿ ಒಂದೇ ನಿಲ್ದಾಣ. ಆ ಕಡೆ ಎಂ-ಪೂರ್ವ ವಾರ್ಡು. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ನಗರದ ಎಲ್ಲ ವಾರ್ಡುಗಳಿಗಿಂತ ಕೆಳಗೆ ನಿಂತದ್ದು ಅದೇ. ದೇವನಾರಿನ ಕಸದ ಗುಡ್ಡ ಅಲ್ಲಿದೆ. ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮವರು ಅಲ್ಲಿದ್ದಾರೆ. ಈಚಿನ ಕಾಲೇಜುಗಳ ಹುಡುಗರು ಆ ಕಡೆ ಹೋಗಿ ಶನಿವಾರ ಮಕ್ಕಳಿಗೆ ಪಾಠ ಹೇಳಿ, ಪ್ರಮಾಣಪತ್ರ ಪಡೆದು, ಅದನ್ನು ಸೇವೆಯ ಅಂಕಣದಲ್ಲಿ ಬರೆಯುತ್ತಾರೆ. ಒಳ್ಳೆಯ ಹುಡುಗರೇ, ಅವರ ಪ್ರಬಂಧಗಳನ್ನೂ ನಾನು ತಿದ್ದಿದ್ದೇನೆ. ಆದರೆ ಪಾಠ ಹೇಳಿಸಿಕೊಂಡ ಕಡೆಯವಳು ಅದೇ ಅರ್ಜಿ ತುಂಬಲು ಬಂದಾಗ ಏನಾಗುತ್ತದೆ?

ಬಂದಿದ್ದಳು. ಯಾದಗಿರಿ ಕಡೆಯ ಮನೆ, ಹುಟ್ಟಿದ್ದು ಇಲ್ಲೇ. ಸೇವೆಯ ಅಂಕಣ ಖಾಲಿ ಬಿಟ್ಟಿದ್ದಳು. ಏನೂ ಇಲ್ಲವೇ ಎಂದೆ. ಇಲ್ಲ ಎಂದಳು. ಸಂಜೆ ಹೊತ್ತು ಏನು ಮಾಡುತ್ತೀ ಎಂದು ಕೇಳಿದೆ. ಗಲ್ಲಿಯ ಹೆಂಗಸರ ರೇಷನ್ ಕಾರ್ಡಿನ ಅರ್ಜಿ ಬರೆದುಕೊಡುತ್ತಾಳೆ. ಕನ್ನಡ ಬಿಟ್ಟು ಬೇರೆ ಬಾರದ ಮುದುಕಿಯರ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರರ ಮರಾಠಿಯನ್ನು ಹೇಳುತ್ತಾಳೆ, ಮುದುಕಿಯ ನೋವನ್ನು ಮರಾಠಿಗೆ ತಿರುಗಿಸುತ್ತಾಳೆ. ತಮ್ಮನಿಗೆ ಓದಿಸುತ್ತಾಳೆ, ತಮ್ಮನ ಜೊತೆ ಪಕ್ಕದ ಖೋಲಿಯ ಮೂವರಿಗೂ. ಇದನ್ನೇ ಬರೆ ಎಂದೆ. ಅವಳಿಗೆ ನಗು ಬಂತು.

“ಇದೂ ಸೇವಾ ಏನ್ ಕಾಕಾ? ಇದು ಮನಿ ಕೆಲಸ ಅಲ್ಲೇನು? ಇದಕ್ಕ ಸರ್ಟಿಫಿಕೇಟ್ ಯಾರ್ ಕೊಡ್ತಾರ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಯಾಕೆಂದರೆ ಅವಳು ಹೇಳಿದ್ದು ಸರಿ. ನೆರೆಮನೆಯ ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನು ಸೇವೆ ಎಂದು ಬರೆದ ಕೂಡಲೇ ಆ ಮುದುಕಿ ಫಲಾನುಭವಿ ಆಗುತ್ತಾಳೆ, ಇವಳು ನಾಯಕಿ ಆಗುತ್ತಾಳೆ. ಗಲ್ಲಿಯಲ್ಲಿ ಅವರಿಬ್ಬರ ಸಂಬಂಧ ಹಾಗಿಲ್ಲ. ಮುದುಕಿಯನ್ನು ಇವಳು ಆಯಿ ಎನ್ನುತ್ತಾಳೆ, ಮುದುಕಿ ಇವಳಿಗೆ ಜಡೆ ಹಾಕುತ್ತಾಳೆ. ಹೊರಗಿನಿಂದ ಬಂದವನಿಗೆ ಎರಡು ಗಂಟೆಯ ಸೇವೆಯಾಗಿ ಎಣಿಕೆಯಾಗುವುದು ಒಳಗಿನವಳಿಗೆ ಬದುಕಾಗಿ ಎಣಿಕೆಯಿಂದಲೇ ಹೊರಗೆ ಉಳಿಯುತ್ತದೆ. ಅದನ್ನು ಎಣಿಕೆಗೆ ತರಬೇಕಾದರೆ ತನ್ನವರನ್ನು ಅವಳು ಹೊರಗಿನವಳ ಕಣ್ಣಿನಿಂದ ನೋಡಿ ಬರೆಯಬೇಕು. ಚಿತ್ರಲೇಖೆ ನೆನಪಾಗುವುದು ನನಗೆ ಇಲ್ಲಿ.

ನಮ್ಮ ಮುಂಬಯಿ ಕನ್ನಡ ಸಂಘಗಳು ಈ ವಿಚಾರದಲ್ಲಿ ಹಳೆಯ ಕಾಲದವು. ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು, ಕುಲಾಲರು, ಹೀಗೆ ಒಂದೊಂದು ಸಮುದಾಯದ ಸಂಘವೂ ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ವಿತರಣೆ ಮಾಡುತ್ತದೆ. ಅಂಕಪಟ್ಟಿ ತಂದರೆ ಸಾಕು, ಪ್ರಬಂಧ ಬೇಡ. ಆದರೆ ವೇದಿಕೆ ಏರಬೇಕು, ದಾನಿಗಳಿಗೆ ಶಾಲು ಹೊದಿಸುವುದು ಮುಗಿಯುವ ತನಕ ಕಾಯಬೇಕು, ಭಾಷಣಗಳು ಮುಗಿಯುವುದರೊಳಗೆ ಚಿಕ್ಕವರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ. ಜಾತಿಯ ಬೇಲಿಯೊಳಗಿನ ಉಪಕಾರ ಎಂದು ಟೀಕಿಸುವುದು ಸುಲಭ, ನಾನೂ ಟೀಕಿಸಿದ್ದೇನೆ, ಮುಂದೆಯೂ ಬಿಡುವುದಿಲ್ಲ. ಆದರೂ ಇದೇ ಜನ ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದರು. ಮೊಗವೀರರದ್ದು, ಬಿಲ್ಲವರ ಗುರುನಾರಾಯಣ ಶಾಲೆ, ಇನ್ನೂ ಎಷ್ಟೋ. ಅಲ್ಲಿಗೆ ಸೇರುವ ಅರ್ಹತೆ ಒಂದೇ, ಕೆಲಸ ಮುಗಿಸಿ ಬಂದು ಎಚ್ಚರವಾಗಿರುವುದು.

ಹಾಗಾದರೆ ಪ್ರಬಂಧವೇ ಬೇಡ, ಅಂಕವನ್ನಷ್ಟೇ ನೋಡಲಿ ಎಂದು ಕೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅಂಕವೂ ಸುಳ್ಳು ಹೇಳುತ್ತದೆ. ಕೋಚಿಂಗ್ ಕ್ಲಾಸಿನ ತೊಂಬತ್ತೈದನ್ನೂ ಬೀದಿ ದೀಪದ ಅರವತ್ತೆಂಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪರೀಕ್ಷೆಗಿಂತ ಪ್ರಬಂಧ ಕೆಲವರನ್ನು ಕಾಪಾಡಿದೆ. ನನ್ನ ಕೈಯಿಂದಲೇ ಅಂಥ ನಾಲ್ಕೈದು ಅರ್ಜಿಗಳು ದಾಟಿವೆ. ಕೇಳುವ ಪ್ರಶ್ನೆ ಸರಿಯಿದ್ದರೆ ಬರೆಯುವವರ ಕೈಯೂ ಸರಿಯಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ನಾಲ್ಕು ಅಂಕಣಗಳಲ್ಲಿ ಮೂರು ನೀನು ಯಾರು ಎಂದು ಕೇಳುತ್ತವೆ. ಸಂಶೋಧನೆಯ ಅಂಕಣ ಮಾತ್ರ ನಿನಗೆ ಏನು ತಿಳಿಯಬೇಕಾಗಿದೆ ಎಂದು ಕೇಳುತ್ತದೆ. ಆ ಪ್ರಶ್ನೆಯ ಮುಂದೆ ಹುಡುಗರು ಪ್ರತಾಪದ ವೇಷ ಕಳಚುತ್ತಾರೆ. ಇನ್ನೂರು ಪ್ರಬಂಧಗಳಲ್ಲಿ ನನಗೆ ಇಂದಿಗೂ ನೆನಪಿರುವ ವಾಕ್ಯಗಳು ಹೆಚ್ಚಾಗಿ ಈ ಅಂಕಣದವು.

ಆ ಹುಡುಗಿ ಸೇವೆಯ ಅಂಕಣವನ್ನು ಕೊನೆಗೂ ಎರಡು ಸಾಲಿನಲ್ಲಿ ಮುಗಿಸಿದಳು. ಸಂಶೋಧನೆಯ ಅಂಕಣಕ್ಕೆ ನೂರೈವತ್ತು ಪದಗಳ ಮಿತಿ ಇತ್ತು. ಅವಳು ನಲವತ್ತೂ ಬರೆಯಲಿಲ್ಲ. ತಮ್ಮ ಗಲ್ಲಿಗೆ ನಳದ ನೀರು ಬೆಳಗಿನ ಜಾವ ನಾಲ್ಕಕ್ಕೆ ಬರುತ್ತದೆ, ರಸ್ತೆಯಾಚೆಯ ಕಟ್ಟಡಗಳಿಗೆ ಏಳಕ್ಕೆ ಬರುತ್ತದೆ, ಈ ವೇಳೆಯನ್ನು ಯಾವ ಕಚೇರಿಯಲ್ಲಿ, ಯಾರು, ಯಾವ ಕಾಗದದ ಮೇಲೆ ಬರೆದು ತೀರ್ಮಾನಿಸುತ್ತಾರೆ ಎಂದು ತಿಳಿಯಬೇಕಾಗಿದೆ ಎಂದು ಬರೆದಿದ್ದಳು. ನಾನು ಒಂದು ಅಲ್ಪವಿರಾಮ ಸರಿಪಡಿಸಿ ವಾಪಸು ಕೊಟ್ಟೆ.